ದಿಬ್ಬ ಏರಿಸುವ ಸದ್ದು

ಊರನ್ನು ನೆರೆಯಿಂದ ಕಾಪಾಡುವ ಹೊಣೆ ನನ್ನ ಪಾಲಿಗೆ ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವೇಕೆ ಎಂದಷ್ಟೇ ಅನಿಸಿತು. ಊರಿಗೆಲ್ಲ ಹಿಟ್ಟು ಬೀಸಿಕೊಡುವವನು ನಾನು. ಸೋಮವಾರದ ಭಜನೆಯಲ್ಲಿ ಮೈಕು ಹಿಡಿಯುವವನೂ ನಾನೇ. ನಾನು ಹಾಡತೊಡಗಿದರೆ ಜನ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಪಾಪ, ಅವರಿಗೆ ಕೆಲಸವಿರುತ್ತದೆ.

ನಮ್ಮೂರು ಮಸ್ಕಿ ಕಡೆಯದು, ಕಾಲುವೆಯ ಕಟ್ಟಕಡೆಗಿದೆ; ಅದರ ನೀರು ಇಲ್ಲಿಗೆ ಮುಟ್ಟುವುದೇ ಅಪರೂಪ. ಪಕ್ಕದಲ್ಲೇ ಹಳ್ಳ. ಮೇಲ್ಗಡೆ ಜೋರು ಮಳೆಯಾದರೆ ಎರಡೂ ಸೇರಿ ಹೊಲಕ್ಕೆ ನುಗ್ಗುತ್ತವೆ. ವಿಶ್ವವಿದ್ಯಾಲಯದ ಸಂಶೋಧಕರು ನಮ್ಮೊಂದಿಗೆ ಕಟ್ಟೆಯ ಮೇಲೆ ಕೂತು ಮಾತಾಡಿ, ನೆರೆ ಬಂದರೆ ಎಲ್ಲರೂ ಶಾಲೆಯ ದಿಬ್ಬ ಏರಬೇಕೆಂದು ಗೊತ್ತುಮಾಡಿದರು.

ಅವರಲ್ಲೊಬ್ಬ ಮೇಡಂ ಕೇಳಿದರು: "ಯಾವ ಸದ್ದಿಗೆ ಇಡೀ ಊರು ಕೆಲಸ ಬಿಟ್ಟು ಓಡುತ್ತದೆ?"

"ನನ್ನ ಗಿರಣಿ ಸೈರನ್ ರೀ ಮೇಡಂ," ಎಂದೆ. "ಕಾಲುವಿ ನೀರು ನಮ್ಮೂರು ಮುಟ್ಟಿದ್ರ ಹೊಡಿತೀನಿ. ಉಣ್ಣೋರು ತಾಟು ಬಿಟ್ಟು ಓಡ್ತಾರ."

ಎಲ್ಲರೂ ಒಪ್ಪಿದರು. ಯಾವ ಕಡೆಗೆ ಓಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಮಳೆಯಲ್ಲಿ ಸೈರನ್ ಆದರೆ ದಿಬ್ಬಕ್ಕೆ ಹೋಗಬೇಕೆಂದು ಮನೆಮನೆಗೂ ಹೇಳಿಯಾಯಿತು. ಕಿವಿಗಳು ಕೇಳಿಸಿಕೊಂಡವು. ಕಾಲುಗಳಿಗೆ ಹೇಳುವುದು ಉಳಿದಿತ್ತು.

ಒಂದು ಮಧ್ಯಾಹ್ನ ಮಳೆ ಹಿಡಿದಿತ್ತು. ಹಳ್ಳ ಬರುತ್ತಿದೆಯೆಂದು ಮೇಲಿನ ಊರಿನಿಂದ ಫೋನ್ ಬಂತು. ನಾನು ಗಂಭೀರವಾಗಿ ಗುಂಡಿ ಒತ್ತಿದೆ. ಊರು ಎದ್ದಿತು. ಹೆಗಲಿಗೆ ಸಲಿಕೆ ಹಾಕಿಕೊಂಡು ಸೀದಾ ಕಾಲುವೆಯ ಕಡೆಗೆ ಓಡಿತು! ಎಲ್ಲರಿಗಿಂತ ಮುಂದೆ ನನ್ನ ಹೆಂಡತಿ ಶರಣಮ್ಮ.

"ಲೇ, ಆ ಕಡೆ ಅಲ್ಲ, ದಿಬ್ಬಕ್ಕ!"

"ಸುಮ್ನ ಕುಂದ್ರಿ ನೀವು. ಬಾಜೂ ಹೊಲದ ಅಮರಪ್ಪ ಮೊದ್ಲು ತೂಬು ತಗದ್ರ ನಮ್ಮ ಹೊಲಕ್ಕ ಹನಿ ನೀರು ಸಿಗಂಗಿಲ್ಲ."

ಅವರನ್ನು ವಾಪಸು ಕರೆಯಲು ಮತ್ತೆ ಸೈರನ್ ಒತ್ತಿದೆ. ಮನೆಯಲ್ಲಿ ಉಳಿದವರೂ ಓಡಿದರು.

ನಾನು ಹೊಲ ಮುಟ್ಟುವಷ್ಟರಲ್ಲಿ ರಾಡಿ ನೀರು ಬದು ದಾಟಿತ್ತು. ಜನ ಮರಗಳನ್ನು ಹತ್ತಿ ಕೂತಿದ್ದರು. ಶರಣಮ್ಮ ಕಾಣಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಅವಳನ್ನು ನಾನೇ ಕೈಯಾರೆ ಕೊಂದೆನೆಂದು ಅಳುತ್ತಾ ಕೆಸರಿನಲ್ಲಿ ಕೂತುಬಿಟ್ಟೆ.

ಅವಳು ಪಂಪಿನ ಮನೆಯ ಮೇಲಿದ್ದಳು, ಕೈಯಲ್ಲಿ ಇನ್ನೂ ಸಲಿಕೆ. ಪಕ್ಕದಲ್ಲಿ ಅಮರಪ್ಪ. ಅವಳ ರಟ್ಟೆ ಹಿಡಿದು ಮೇಲಕ್ಕೆಳೆಯಲು ಅವನು ಹಿಡಿದಿದ್ದ ತನ್ನ ಎತ್ತುಗಳ ಹಗ್ಗ ಬಿಟ್ಟಿದ್ದ. ಒಂದು ಎತ್ತು ಈಜಿ ದಡ ಸೇರಿತು. ಇನ್ನೊಂದು ಅವನ ಕಣ್ಣೆದುರೇ ತೇಲಿಹೋಯಿತು. ಆ ದಿನದಿಂದ ಅಮರಪ್ಪ ನನ್ನೊಡನೆ ಮಾತು ಬಿಟ್ಟ. ನಾನೂ ಹಾಡುವುದನ್ನು ಬಿಟ್ಟೆ.

ಸಂಶೋಧಕರು ಮತ್ತೆ ಬಂದರು, ಮತ್ತೆ ಕಟ್ಟೆಯ ಮೇಲೆ ಕೂತೆವು. ಈ ಸಲ ಮೇಡಂ, ಯಾವ ಸದ್ದಿಗೆ ಜನ ದೂರ ಓಡುತ್ತಾರೆ ಎಂದು ಕೇಳಿದರು. ಅಮರಪ್ಪ ಎದ್ದುನಿಂತ.

"ಇವ ಮೈಕಿನ್ಯಾಗ ಹಾಡ್ಲಿ ರೀ," ಎಂದ. ನಗಲಿಲ್ಲ. "ಶರಣಮ್ಮಕ್ಕಾನೂ ಓಡ್ತಾಳ."

ಮೈಕು ಗಿರಣಿಯ ಮೇಲೇರಿತು. ದಿಬ್ಬದ ಕಡೆ ಓಡುವುದನ್ನು ಕಾಲುಗಳಿಗೇ ಕಲಿಸಬೇಕೆಂದು ಮೇಡಂ ಒಂದು ತಾಲೀಮು ಇಟ್ಟರು. ನಾನು ಕಣ್ಣು ಮುಚ್ಚಿ, ಅಷ್ಟು ದಿನ ಒಳಗೇ ಉಳಿದಿದ್ದ ದುಃಖವನ್ನೆಲ್ಲ ಹಾಕಿ ಹಾಡಿದೆ. ಕಣ್ಣು ತೆರೆದಾಗ ಊರು ಖಾಲಿ. ದಿಬ್ಬದ ಮೇಲೆ ಎಲ್ಲರಿಗಿಂತ ಮುಂದೆ ಉಳಿದ ಒಂದು ಎತ್ತನ್ನು ಹಿಡಿದುಕೊಂಡು ಅಮರಪ್ಪ, ಅವನ ಹಿಂದೆಯೇ ನನ್ನ ಹೆಂಡತಿ.

ನಾನಿನ್ನೂ ಪಲ್ಲವಿಯನ್ನೇ ಮುಗಿಸಿರಲಿಲ್ಲ.