ಡಾಕ್ಟರಿಗೂ ಕೇಳುವವರು ಬೇಕು

ಚರ್ಮದ ಡಾಕ್ಟರನ ಕಷ್ಟ ಹೊಟ್ಟೆಯ ಡಾಕ್ಟರನಿಗೆ ಗೊತ್ತಿಲ್ಲ. ಹೊಟ್ಟೆಯೊಳಗಿನದು ಕಾಣುವುದಿಲ್ಲ, ಹಾಗಾಗಿ ಅವನು ಎಷ್ಟು ಪ್ರಶ್ನೆ ಕೇಳಿದರೂ ಜನ ಸಹಿಸುತ್ತಾರೆ. ನಾನು ನೋಡುವ ರೋಗವೋ, ಅಂಗಿ ಎತ್ತಿದರೆ ಎದುರಿಗೇ ಇರುತ್ತದೆ. ಜಮಖಂಡಿಯಲ್ಲಿ ದವಾಖಾನೆ ತೆರೆದ ಹೊಸತರಲ್ಲಿ ಯಾವಾಗ ಬಂತು, ಮೊದಲು ಹೇಗಿತ್ತು, ಏನು ಹಚ್ಚಿದಿರಿ ಎಂದು ನಾನು ಕೇಳುತ್ತ ಹೋದಂತೆ ಹೊರಗೆ ಕುಳಿತವರ ಮಾತು ಪರದೆ ದಾಟಿ ಬರುತ್ತಿತ್ತು.

"ಈ ಡಾಕ್ಟರಗ ಏನೂ ಗೊತ್ತಿಲ್ಲೋ ಯಪ್ಪಾ, ಎಲ್ಲಾ ನಮ್ಮನ್ನಽ ಕೇಳತಾನ."

ಈ ಸುದ್ದಿ ಊರು ತುಂಬ ಹಬ್ಬಿದರೆ ದವಾಖಾನೆಗೆ ಬೀಗವೇ ಗತಿ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಸ್ವಚ್ಛ ಮೈ

ಸಾವಳಗಿಯ ರೈತರೊಬ್ಬರು ಮೊಣಕೈ ತೋರಿಸಿದರು. ಹೊಟ್ಟು ಏಳುತ್ತದೆ ಎಂದರು. ನೋಡಿದರೆ ಹೊಟ್ಟಿನ ಸುಳಿವೇ ಇಲ್ಲ, ಚರ್ಮ ಕೆಂಪಗೆ ಹೊಳೆಯುತ್ತಿತ್ತು.

"ಕಲ್ಲ ಹಚ್ಚಿ ತಿಕ್ಕಿ ಜಳಕಾ ಮಾಡಿ ಬಂದೀನ್ರಿ. ಡಾಕ್ಟರ ಮುಂದ ಹೊಲಸ ಮೈ ಹೆಂಗ ತೋರಸೂದು?"

ಹೊಟ್ಟು ಉದುರಿಸಿ ಬಂದರೆ ನಾನು ನೋಡುವುದೇನನ್ನು? ಮುಂದಿನ ಸಲ ತಿಕ್ಕದೆ ಬನ್ನಿ ಎಂದು ಕೈಮುಗಿದು ಕಳಿಸಿದೆ. ಹದಿನೈದು ದಿನ ಬಿಟ್ಟು ಬಂದರು. ಅವರಿಗಿಂತ ಮೊದಲು ಅವರ ವಾಸನೆ ಒಳಗೆ ಬಂತು.

"ನೀವು ಹೇಳಿದಂಗ ಮಾಡೀನ್ರಿ. ಅವತ್ತಿನಿಂದ ಒಂದ ಹನಿ ನೀರ ಮುಟ್ಟಿಸಿಲ್ಲ."

ಅವತ್ತು ಚೀಟಿಯನ್ನು ಕಿಟಕಿಯ ಬಳಿ ನಿಂತು ಬರೆದೆ.

ಯಾರ ಬೆನ್ನು?

ಮುಧೋಳದ ವ್ಯಾಪಾರಿಗೆ ಬೆನ್ನಿನ ಮೇಲೆ ಗಜಕರ್ಣ. ಹೆಂಡತಿಯೂ ಜೊತೆಗೆ ಬಂದಿದ್ದರು. ಮೊದಲು ಎಷ್ಟಿತ್ತು ಎಂದು ಕೇಳಿದೆ.

"ಜ್ವಾಳದ ಕಾಳಿನಷ್ಟ ಇತ್ತರಿ," ಎಂದರು ವ್ಯಾಪಾರಿ.

"ಸುಳ್ಳರಿ ಡಾಕ್ಟ್ರ, ಕಡ್ಲಿಯಷ್ಟ ಇತ್ತು," ಎಂದರು ಹೆಂಡತಿ.

"ನನ್ನ ಬೆನ್ನು ನನಗ ಗೊತ್ತಿಲ್ಲೇನ?"

"ಹದಿನೆಂಟ ವರ್ಷ ಆತು, ದಿನಾ ತಿಕ್ಕಾಕಿ ನಾನು. ನೀವು ಯಾವತ್ತ ನೋಡೀರಿ ನಿಮ್ಮ ಬೆನ್ನ?"

ನಾನು ಕಡ್ಲಿ ಎಂದೇ ಬರೆದುಕೊಂಡೆ.

ಆಯಿಯ ಸರದಿ

ಹುನ್ನೂರಿನ ಆಯಿಯೊಬ್ಬಳ ಪಾದಕ್ಕೆ ವಿಪರೀತ ತುರಿಕೆ. ಮೈಗೆ ಹೊಸದೇನಾದರೂ ತಾಗಿತೇ ಎಂದು ಎರಡು ಸಲ ಕೇಳಿದರೂ ಇಲ್ಲ ಎಂದಳು. ಮೂರನೆಯ ಸಲ ಕೇಳಿದಾಗ, ಮೊಮ್ಮಗಳು ತಂದುಕೊಟ್ಟ ರಬ್ಬರ್ ಚಪ್ಪಲಿ ನೆನಪಾಯಿತು. ಅದನ್ನು ಬಿಡಿಸಿದೆ, ತುರಿಕೆಯೂ ಬಿಟ್ಟಿತು.

ಗುಣವಾದ ಕಾಲು ತೋರಿಸಲು ಬಂದವಳು ಕಾಲು ತೋರಿಸಲಿಲ್ಲ, ನನ್ನ ಕೈಯನ್ನೇ ನೋಡಿದಳು. ಅವಳ ಎದುರಿಗೇ ಎರಡು ಸಲ ಕೆರೆದುಕೊಂಡಿದ್ದೆ.

"ಯಾವಾಗಿಂದ ಐತ್ರಿ ಇದು?"

"ಒಂದು ತಿಂಗಳಾಗಿರಬೇಕು, ಆಯಿ."

"ಇರಬೇಕು ಅಂದ್ರ? ಸರಿಯಾಗಿ ಹೇಳ್ರಿ. ಮದಲ ಎಲ್ಲಿ ಬಂತು?"

"ಎಡಗೈಗೆ. ಆಮೇಲೆ ಬಲಗೈಗೆ."

"ಏನ ಹಚ್ಚೀರಿ?"

"ನಮ್ಮದೇ ಮುಲಾಮು."

"ಮೈಗೆ ಹೊಸಾದು ಏನರ ತಾಗೈತೇನು?"

"ಇಲ್ಲ."

ಆಯಿ ಒಂದಿಷ್ಟೂ ಅವಸರ ಮಾಡಲಿಲ್ಲ. "ಇನ್ನೊಮ್ಮೆ ಇಚಾರ ಮಾಡ್ರಿ. ಎಡಗೈಯಾಗ ಗಡಿಯಾರದ ಗುರ್ತು ಐತಿ, ಬಲಗೈಯಾಗ ಗಡಿಯಾರ ಐತಿ."

ಮಾವನವರು ಕೊಟ್ಟ ಹೊಸ ಗಡಿಯಾರ. ಎಡಗೈ ತುರಿಸಿತೆಂದು ನಾನೇ ಬಲಗೈಗೆ ಕಟ್ಟಿಕೊಂಡಿದ್ದೆ. ಇಷ್ಟು ಓದಿದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಕೇಳೂದರಾಗ ನೀವು ಭಾಳ ಶಾಣ್ಯಾ ಅದೀರಿ ಸಾಹೇಬ್ರ," ಎಂದಳು ಆಯಿ. "ಹೇಳೂದರಾಗ ಮಾತ್ರ ನಮ್ಮಂಗಽ."

ಪರದೆಯಾಚೆ ಕುಳಿತವರೆಲ್ಲ ಗೊಳ್ಳೆಂದು ನಕ್ಕರು. ಆಯಿ ಪರದೆ ಸರಿಸಿ ಅವರಿಗೂ ಬುದ್ಧಿ ಹೇಳಿದಳು: "ನಗಬ್ಯಾಡ್ರಿ. ಕೇಳೂದರಾಗಽ ಅರ್ಧಾ ಔಷಧ ಐತಿ. ನೋಡ್ರಿ, ಡಾಕ್ಟರನ್ನಽ ಗುಣಾ ಮಾಡೀನಿ!"

ಅಂದಿನಿಂದ ನನ್ನ ಪ್ರಶ್ನೆಗಳಿಗೆ ಯಾರೂ ಗೊಣಗಲಿಲ್ಲ, ದವಾಖಾನೆಯ ಬಾಗಿಲೂ ಮುಚ್ಚಲಿಲ್ಲ. ಆದರೆ ಅವತ್ತು ಮುಂದಿನ ಸರದಿಯಲ್ಲಿದ್ದ ರಬಕವಿಯ ನೇಕಾರರೊಬ್ಬರು ಒಳಗೆ ಬಂದವರೇ ಸ್ಟೂಲನ್ನು ಆಯಿಯ ಕಡೆ ತಿರುಗಿಸಿ ಕುಳಿತು, ತೋಳು ಚಾಚಿದರು.

"ಆಯಿ, ನನ್ನದೂ ಒಂದೀಟ ನೋಡಬೇ."

ನಾನು ಗಡಿಯಾರ ಬಿಚ್ಚಿಟ್ಟು, ಆಯಿ ಕೇಳಿದ್ದಕ್ಕೆಲ್ಲ ಅವರು ಹೇಳಿದ್ದನ್ನು ಬರೆದುಕೊಂಡೆ.