ಹದಿನಾಲ್ಕನೇ ಷರತ್ತು ಮತ್ತು ರಪಾದುರನ ನೂರನೇ ಗೋಲು

ಕೊಲ್ಲಿ ದೇಶದ ಮುತ್ತಿನ ದಂಡೆ ಫುಟ್‌ಬಾಲ್ ಲೀಗಿನಲ್ಲಿ ಎಂಟು ಕ್ಲಬ್ಬುಗಳಿವೆ. ಆ ಎಂಟರ ಅಂಗಿಯನ್ನೂ ತೊಟ್ಟವನು ಇದುವರೆಗೆ ಒಬ್ಬನೇ: ಬ್ರೆಜಿಲಿನ ಸ್ಟ್ರೈಕರ್ ಜೊಸೆನಿಲ್ಡೊ ಬಾತಿಸ್ತ. ಹುಟ್ಟೂರಿನಲ್ಲಿ ತಾಯಿ ಮಾರುತ್ತಿದ್ದ ಅಚ್ಚುಬೆಲ್ಲದ ಹೆಸರೇ ಅವನಿಗೆ ಅಂಟಿಕೊಂಡು ರಪಾದುರ ಎಂದಾಗಿತ್ತು. ಅಂಗಿಯ ಬೆನ್ನಿನ ಮೇಲೂ ಅದೇ. ಒಂಬತ್ತು ವರ್ಷಗಳಲ್ಲಿ ಅಂಗಿಯ ಬಣ್ಣ ಏಳು ಸಲ ಬದಲಾಯಿತು, ಬೆನ್ನಿನ ಹೆಸರು ಬದಲಾಗಲಿಲ್ಲ. ಎಂಟನೆಯದಾದ ಖರ್ಜೂರ ಕ್ಲಬ್ಬಿಗೆ ಅವನು ಬಂದು ಸೇರುವ ಹೊತ್ತಿಗೆ ಆಡುವುದಕ್ಕೆ ಯಾವ ಎದುರಾಳಿಯೂ ಉಳಿದಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಎಲ್ಲವೂ ಕರಾರಿನ ಪ್ರಕಾರವೇ ನಡೆದಿತ್ತು.

ಅವನನ್ನು ಮೊದಲು ಕರೆತಂದದ್ದು ಹವಳ ಕ್ಲಬ್ಬು. ಎರಡು ವರ್ಷ ಚೆನ್ನಾಗಿ ದುಡಿಸಿಕೊಂಡು, ಆಮೇಲೆ ಬಂದರು ಎಂಬ ಕ್ಲಬ್ಬಿಗೆ ಮಾರಿತು. ಮಾರಿದ ಹನ್ನೊಂದನೆಯ ದಿನ ಅವನು ಹವಳದ ವಿರುದ್ಧವೇ ಎರಡು ಗೋಲು ಹಾಕಿದ. ಹಳೆಯ ಕ್ಲಬ್ಬಿನ ಮುಂದೆ ಗೋಲು ಹಾಕಿ ಕುಣಿಯಬಾರದೆಂಬುದು ಆಟಗಾರರ ರಿವಾಜು. ಅದರಂತೆ ಅವನು ಎರಡೂ ಸಲ ಕೈಯೆತ್ತಿ ಕ್ಷಮೆ ಕೇಳಿ, ಮೈಲಿಗೆಯಾದವನ ಹಾಗೆ ತಲೆ ತಗ್ಗಿಸಿ ನಿಂತ. ಆದರೂ ಹವಳದ ಅಧ್ಯಕ್ಷರಿಗೆ ಮೂರು ದಿನ ಜ್ವರ ಬಂತು. ಜ್ವರ ಇಳಿದ ಮೇಲೆ ಅವರು ಲೀಗಿನ ಕಚೇರಿಗೆ ಹೋಗಿ, ಮಾರಿದ ಸರಕು ಮಾರಿದವನ ಅಂಗಡಿಗೇ ಬಂದು ಗಾಜು ಒಡೆಯುವುದು ವ್ಯಾಪಾರವಲ್ಲ ಎಂದು ವಾದಿಸಿದರು. ವಾದದಲ್ಲಿ ಹುರುಳಿತ್ತು. ಹಿಂದಿನ ಮಾರಾಟಗಳಿಗೂ ಅನ್ವಯಿಸುವಂತೆ ಹದಿನಾಲ್ಕನೇ ಷರತ್ತು ಜಾರಿಗೆ ಬಂತು:

'ಆಟಗಾರನು ತನ್ನನ್ನು ಮಾರಿದ ಕ್ಲಬ್ಬಿನ ವಿರುದ್ಧ ಎಂದೆಂದಿಗೂ ಗೋಲು ಹಾಕತಕ್ಕದ್ದಲ್ಲ. ಸದರಿ ಕ್ಲಬ್ಬಿನ ಅರ್ಧ ಮೈದಾನಕ್ಕೆ ಕಾಲಿಡತಕ್ಕದ್ದಲ್ಲ. ಕಾಲಿಟ್ಟಲ್ಲಿ ಗೋಲು ಅಳಿಸಲ್ಪಟ್ಟು ಪಂದ್ಯವು ಮಾರಿದ ಕ್ಲಬ್ಬಿನ ಪಾಲಾಗತಕ್ಕದ್ದು.'

ಅಲ್ಲಿಂದ ಮುಂದೆ ರಪಾದುರನನ್ನು ಕೊಂಡವರೆಲ್ಲ ಒಂದೊಂದು ವರ್ಷ ಆಡಿಸಿ ಮಾರಿದರು. ಮಾರುವ ಪ್ರತಿಯೊಬ್ಬರಿಗೂ ಇನ್ನು ತಮ್ಮ ಗೋಲು ಭದ್ರ ಎಂಬ ನೆಮ್ಮದಿ. ಕೊಳ್ಳುವ ಪ್ರತಿಯೊಬ್ಬರಿಗೂ ಅವನ ಕಾಲಿಗೆ ಉಳಿದ ಎದುರಾಳಿಗಳು ಒಂದೊಂದೇ ಕಡಿಮೆ. ಖರ್ಜೂರ ಕ್ಲಬ್ಬಿನ ಅಧ್ಯಕ್ಷ ಬೂ ಖಲ್ಫಾನ್ ಹವಾನಿಯಂತ್ರಕಗಳ ಸಗಟು ವ್ಯಾಪಾರಿ. ಅವರು ಮಾತ್ರ ಲೆಕ್ಕವನ್ನು ತಿರುವಿ ನೋಡಿದರು.

"ನಮ್ಮ ಹನ್ನೊಂದು ಜನ ಆಡ್ತಾರೆ, ಒಬ್ಬನಿಗೂ ಯಾರೂ ಹೆದರಲ್ಲ. ಇವನು ಆಡೋದೇ ಬೇಡ, ಇವನಿಗೆ ಹೆದರಿ ಏಳು ಕ್ಲಬ್ಬು ಕರಾರು ಬರೆಸ್ಕೊಂಡು ಕೂತಿದಾವೆ. ಯಾರಪ್ಪಾ ದೊಡ್ಡ ಆಟಗಾರ?" ಎಂದು ಅವರು ಸಭೆಯಲ್ಲಿ ಕೇಳಿದರು.

ಹೀಗಾಗಿ ರಪಾದುರ ಪ್ರತಿ ಪಂದ್ಯಕ್ಕೂ ಮೊಣಕಾಲಿನವರೆಗೆ ಕಾಲುಚೀಲ ಎಳೆದು, ಬೂಟಿನ ದಾರ ಬಿಗಿದು, ಬೆಂಚಿನ ಮೇಲೆ ಕೂರುತ್ತಿದ್ದ. ಅರ್ಧ ಗಂಟೆಗೊಮ್ಮೆ ಎದ್ದು ಗೆರೆಯ ಪಕ್ಕ ಓಡಾಡಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಆಗ ಎದುರಾಳಿಯ ಜನ ಎದೆ ಹಿಡಿದುಕೊಳ್ಳುತ್ತಿದ್ದರು. ಅವನು ಮತ್ತೆ ಕೂತಾಗ ಚಪ್ಪಾಳೆ ಬೀಳುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಊರಿನಿಂದ ತಾಯಿಯ ಫೋನು ಬಂತು. ಸೆರ್ರ ದೊ ಉಂಬು ಎಂಬ ಆ ಸಣ್ಣ ಪಟ್ಟಣದಲ್ಲಿ ದೊನಾ ಎರ್ನೆಸ್ತೀನ ಇಪ್ಪತ್ತೆಂಟು ವರ್ಷದಿಂದ ಒಂದು ಕೆಮ್ಮಣ್ಣಿನ ಮೈದಾನದ ಅಂಚಿಗೆ ತಳ್ಳುಗಾಡಿ ನಿಲ್ಲಿಸಿ ಅಚ್ಚುಬೆಲ್ಲ, ಕಾಫಿ ಮಾರುತ್ತಿದ್ದಳು. ಮಗ ಒದೆಯಲು ಕಲಿತದ್ದೂ ಆ ಮಣ್ಣಿನಲ್ಲೇ.

"ಮಗಾ, ಪುರಸಭೆಯೋರು ಮೈದಾನನ ಸೂಪರ್‌ಮಾರ್ಕೆಟ್ಟಿಗೆ ಕೊಡ್ತಾರಂತೆ."

"ಹಂಗೆಂಗೆ ಕೊಡ್ತಾರಮ್ಮ? ಊರೆಲ್ಲ ಆಡೋ ಜಾಗ."

"ಊರು ಆಡಿದ್ರೆ ಅದು ಖಾಲಿ ಜಾಗವಂತೆ. ನೂರು ಗೋಲು ಹಾಕಿದೋನ ಹೆಸರಿದ್ರೆ ಮಾತ್ರ ಸ್ಮಾರಕವಂತೆ, ಮುಟ್ಟೋ ಹಂಗಿಲ್ಲವಂತೆ. ಹಳೇ ಠರಾವು ಒಂದಿದೆ, ನಾನೇ ಗುಮಾಸ್ತನ ತಲೆ ತಿಂದು ಹುಡುಕಿಸ್ದೆ. ವಿದೇಶದಲ್ಲಿ, ಸರಿಯಾದ ಪಂದ್ಯದಲ್ಲಿ, ಊರಿನ ಮಗ ನೂರು ಸಲ ಚೆಂಡನ್ನ ಗೋಲಿನೊಳಕ್ಕೆ ಸೇರಿಸಿರಬೇಕು. ಮೇ ಮೂವತ್ತೊಂದರೊಳಗೆ ಕಾಗದ ಕೊಡಬೇಕು."

"ನಂದು ನೂರಾ ಮೂವತ್ತೊಂದು ಆಗಿದೆಯಲ್ಲಮ್ಮ, ನೀನೇ ಬರೆದಿಟ್ಟಿದೀಯ."

ಆ ದೇಶದ ತಾಯಂದಿರು ಮಗನ ಗೋಲುಗಳನ್ನು ಒಂದೂ ಬಿಡದೆ ಬರೆದಿಡುತ್ತಾರೆ. ಅಭ್ಯಾಸದಲ್ಲಿ ಹಾಕಿದ್ದು, ಮದುವೆಮನೆಯ ಹಿತ್ತಲಿನಲ್ಲಿ ಹಾಕಿದ್ದು, ಎಲ್ಲವೂ ಗೋಲೇ.

"ಗುಮಾಸ್ತ ಕೆಂಪು ಪೆನ್ನು ಹಿಡ್ಕೊಂಡು ಕೂತ್ಬಿಟ್ಟ ಕಣೋ. ನೀನು ಅಲ್ಲಿ ಅಗ್ನಿಶಾಮಕದೋರ ಮೇಲೆ ಒಂಬತ್ತು ಹಾಕಿದ್ಯಲ್ಲ, ಅದು ಗೋಲಲ್ವಂತೆ. ಆಸ್ಪತ್ರೆ ಸಹಾಯಾರ್ಥ ಹಾಕಿದ್ದೂ ಅಲ್ವಂತೆ. ಹೊಡ್ಕೊಂಡು ಹೊಡ್ಕೊಂಡು ತೊಂಬತ್ತೊಂಬತ್ತಕ್ಕೆ ನಿಲ್ಲಿಸ್ದ."

"ಒಂದು ಕಮ್ಮಿ."

"ಒಂದೇ ಒಂದು. ವರ್ಷಕ್ಕೆ ಹದಿನೈದು ಹಾಕ್ತಿದ್ದೋನು ನೀನು. ಈ ವರ್ಷ ಏನು, ಕಾಲನ್ನ ಯಾರಿಗಾದ್ರೂ ಬಾಡಿಗೆಗೆ ಕೊಟ್ಟಿದೀಯ?"

ಬೆಂಚಿನ ವಿಷಯವನ್ನು ಅವನು ತಾಯಿಗೆ ಹೇಳಿರಲಿಲ್ಲ. ಆ ದಿನ ಹೇಳಿದ. ಅವಳು ಕೇಳಿಸಿಕೊಂಡು, "ನನ್ನ ಗಾಡಿಯ ಗತಿ?" ಎಂದಳು. ಅವನು ಬೂಟು ಕೂಡ ಬಿಚ್ಚದೆ ಕ್ಲಬ್ಬಿನ ಕಾರ್ಯದರ್ಶಿಯ ಕೋಣೆಗೆ ಹೋದ.

ಕಾರ್ಯದರ್ಶಿ ಮೊನ್ಸೆಫ್ ಟ್ಯುನಿಸಿಯಾದವರು, ಇಪ್ಪತ್ತು ವರ್ಷದಿಂದ ಅಲ್ಲಿನ ಕಡತಗಳ ನಡುವೆ ಬದುಕುತ್ತಿದ್ದವರು. ನಿಯಮ ಮೀರುವುದನ್ನು ಸಹಿಸುತ್ತಿರಲಿಲ್ಲ, ನಿಯಮ ಹುಡುಕಿಕೊಡುವುದಕ್ಕೆ ಎಂದೂ ಬೇಸರಪಡುತ್ತಿರಲಿಲ್ಲ.

"ಉಸ್ತಾದ್, ನಂಗೊಂದು ಗೋಲು ಹಾಕ್ಬೇಕು."

"ಕೂತ್ಕೊಳ್ಳಿ ಹಬೀಬಿ. ಯಾರ ವಿರುದ್ಧ?"

"ಯಾರಾದ್ರೂ ಪರವಾಗಿಲ್ಲ."

"ಯಾರಾದ್ರೂ ಅಂತ ಅರ್ಜೀಲಿ ಬರೆಯೋಕಾಗಲ್ಲ. ಏಳೂ ಕ್ಲಬ್ಬಿಂದ ನಿರಾಕ್ಷೇಪಣಾ ಪತ್ರ ತರಿಸೋಣ. ಒಬ್ಬರಾದ್ರೂ ಒಪ್ಪಬಹುದು."

ಏಳು ಕ್ಲಬ್ಬುಗಳಿಗೂ ಪತ್ರ ಹೋಯಿತು. ಹನ್ನೆರಡು ದಿನದಲ್ಲಿ ಏಳೂ ಉತ್ತರ ಬಂದವು. ಇಷ್ಟು ಬೇಗ ಉತ್ತರ ಬಂದದ್ದು ಲೀಗಿನ ಇತಿಹಾಸದಲ್ಲೇ ಮೊದಲು. ಏಳರಲ್ಲೂ ಒಂದೇ ಮಾತು: ಮಾನ್ಯ ರಪಾದುರ ಅವರು ನೂರನೇ ಗೋಲು ಹಾಕುವುದಕ್ಕೆ ನಮ್ಮ ಸಂಪೂರ್ಣ ಒಪ್ಪಿಗೆಯಿದೆ, ನಮ್ಮ ಕ್ಲಬ್ಬನ್ನು ಬಿಟ್ಟು ಬೇರೆ ಯಾವುದಾದರೂ ಕ್ಲಬ್ಬಿನ ವಿರುದ್ಧ. ಹವಳ ಕ್ಲಬ್ಬಿನವರು ಕೆಳಗೆ ಶುಭಾಶಯವನ್ನೂ ಸೇರಿಸಿದ್ದರು.

ಏಳು ಒಪ್ಪಿಗೆ ಕೈಯಲ್ಲಿ ಹಿಡಿದು ಇಬ್ಬರೂ ಲೀಗಿನ ರಿಜಿಸ್ಟ್ರಾರ್ ಘಾನಿಮ್ ಅವರ ಮುಂದೆ ಕೂತರು. ಘಾನಿಮ್ ಕಡತವನ್ನು ಹಿಂದಿನಿಂದ ಮುಂದಕ್ಕೆ ಓದಿದರು, ಮುಂದಿನಿಂದ ಹಿಂದಕ್ಕೆ ಓದಿದರು, ಕಾಫಿ ತರಿಸಿದರು.

"ಎಂಟನೇ ಪತ್ರ ಎಲ್ಲಿ?"

"ಎಂಟನೆಯದಾ?" ಎಂದರು ಮೊನ್ಸೆಫ್. "ಎಂಟನೇ ಕ್ಲಬ್ಬು ಅಂದ್ರೆ ನಾವೇ ಅಲ್ವೇ?"

"ಅದನ್ನೇ ಕೇಳ್ತಿದೀನಿ. ಖರ್ಜೂರ ಕ್ಲಬ್ಬು ಇವರನ್ನ ಯಾರಿಗೂ ಮಾರಿಲ್ಲ. ಹಂಗಾಗಿ ಖರ್ಜೂರದ ವಿರುದ್ಧ ಗೋಲು ಹಾಕಬಾರದು ಅಂತ ಎಲ್ಲೂ ಬರೆದಿಲ್ಲ. ಬರೆದಿದೆಯಾ?"

"ಇಲ್ಲ. ಅಂಥದ್ದನ್ನ ಯಾರು ಬರೀತಾರೆ?"

"ಬರೆಯದೇ ಇದ್ರೆ ಅಡ್ಡಿಯಿಲ್ಲ ಅಂತಲೇ ಅರ್ಥ. ಇವರು ತಮ್ಮ ಅರ್ಧ ಮೈದಾನದಲ್ಲೇ ಇರ್ತಾರೆ, ಗೆರೆ ದಾಟೋ ಪ್ರಶ್ನೆಯಿಲ್ಲ. ಪಂದ್ಯದ ಹಾಳೆಯಲ್ಲಿ ಗೋಲು ಹಾಕಿದವರ ಹೆಸರು ಅನ್ನೋ ಕಡೆ ಇವರ ಹೆಸರೇ ಬರುತ್ತೆ. ನಾನೇ ಮೊಹರು ಹಾಕ್ತೀನಿ."

ರಪಾದುರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಾಫಿಯ ಬಟ್ಟಲನ್ನು ಕೆಳಗಿಟ್ಟ.

"ಅಂದ್ರೆ ನಮ್ಮ ಗೋಲಿಗೇ ನಾನು ಹೊಡೀಬೇಕಾ? ಸಾರ್, ನಾನು ಸ್ಟ್ರೈಕರ್. ಊರಲ್ಲಿ ಮುಖ ಹೆಂಗೆ ತೋರಿಸ್ಲಿ?"

"ಗೋಲಿಗೆ ಮುಖ ಇರಲ್ಲ. ಅದಕ್ಕೆ ಎರಡು ಕಂಬ, ಒಂದು ಅಡ್ಡಪಟ್ಟಿ," ಎಂದರು ಘಾನಿಮ್.

ಸಂಜೆ ಅವನು ತಾಯಿಗೆ ಫೋನು ಮಾಡಿ ನಾಚಿಕೆಯಿಂದ ಎಲ್ಲವನ್ನೂ ಹೇಳಿದ. ಅವಳು ಮಾತು ಅಲ್ಲೇ ನಿಲ್ಲಿಸಿ ಗುಮಾಸ್ತನ ಬಳಿಗೆ ಹೋಗಿ, ಠರಾವನ್ನು ಮತ್ತೆ ಓದಿಸಿ, ಅರ್ಧ ಗಂಟೆಯ ನಂತರ ತಾನೇ ಫೋನು ಮಾಡಿದಳು.

"ಚೆಂಡನ್ನ ಗೋಲಿನೊಳಕ್ಕೆ ಸೇರಿಸಿರಬೇಕು ಅಂತ ಮಾತ್ರ ಇದೆ. ಯಾರ ಗೋಲಿಗೆ ಅಂತ ಇಲ್ಲ. ಗುಮಾಸ್ತ ಎರಡು ಸಲ ಓದ್ದ, ಆಮೇಲೆ ನಿಂಬೆಹಣ್ಣು ಕಚ್ಚಿದೋನ ಹಂಗೆ ಮುಖ ಮಾಡ್ದ. ಹಾಕೋ ಮಗಾ."

"ಅಮ್ಮ, ಜನ ನಗ್ತಾರೆ."

"ನಗೋರು ಬೆಲ್ಲ ಕೊಳ್ತಾರಾ? ಇಪ್ಪತ್ತೆಂಟು ವರ್ಷ ನಾನು ಆ ಗಾಡಿ ತಳ್ಳಿದೀನಿ, ಒಂದು ಸಲ ನೀನು ಚೆಂಡು ತಳ್ಳು."

ಮುಂದಿನದು ಅಧ್ಯಕ್ಷರ ಒಪ್ಪಿಗೆ. ಬೂ ಖಲ್ಫಾನ್ ಕೋಪಿಸಿಕೊಳ್ಳುತ್ತಾರೆಂದು ಮೊನ್ಸೆಫ್ ಹೆದರಿದ್ದರು. ಅವರು ಕೋಪಿಸಿಕೊಳ್ಳಲಿಲ್ಲ. ವರ್ಷವಿಡೀ ಖಾಲಿ ಬಿದ್ದಿದ್ದ ಕುರ್ಚಿಗಳನ್ನು ನೆನೆದು, ಪಂದ್ಯ ತಮ್ಮ ಮೈದಾನದಲ್ಲೇ ಆಗಬೇಕು, ಗೋಲು ಚೆನ್ನಾಗಿರಬೇಕು ಎಂದು ಎರಡೇ ಮಾತು ಹೇಳಿದರು. "ಕಾಲಿಗೆ ತಗಲಿ ಉರುಳ್ಕೊಂಡು ಹೋದ್ರೆ ನಾನು ಒಪ್ಪಲ್ಲ. ನಮ್ಮ ಗೋಲಿಗೆ ಬೀಳೋದು, ಮರ್ಯಾದೆಯಾಗಿ ಬೀಳಲಿ."

ಮೇ ಇಪ್ಪತ್ತೆಂಟರಂದು ಋತುವಿನ ಕೊನೆಯ ಪಂದ್ಯ, ಹವಳ ಕ್ಲಬ್ಬಿನ ವಿರುದ್ಧ. ಪ್ರಕಟಣೆಯನ್ನು ಗೋಡೆಗೋಡೆಗೂ ಅಂಟಿಸಿದ್ದರು: 'ಈ ದಿನ ನಮ್ಮ ಹೆಮ್ಮೆಯ ಸ್ಟ್ರೈಕರ್ ರಪಾದುರ ಅವರು ನಿಯಮಾನುಸಾರ ನಮ್ಮ ವಿರುದ್ಧ ತಮ್ಮ ನೂರನೇ ಗೋಲನ್ನು ಹಾಕಲಿದ್ದಾರೆ. ಅಭಿಮಾನಿಗಳು ಕುಟುಂಬಸಮೇತ ಬಂದು ಪ್ರೋತ್ಸಾಹಿಸಬೇಕಾಗಿ ವಿನಂತಿ.' ಕುರ್ಚಿಗಳು ತುಂಬಿ ಜನ ಮೆಟ್ಟಿಲಿನ ಮೇಲೆ ಕೂತಿದ್ದರು. ಹವಳದ ಅಧ್ಯಕ್ಷರು ಹೂವಿನ ಬುಟ್ಟಿ ಕಳಿಸಿದ್ದರು.

ಎಪ್ಪತ್ತನೇ ನಿಮಿಷದಲ್ಲಿ ರಪಾದುರ ಮೈದಾನಕ್ಕಿಳಿದ. ಎಲ್ಲ ಏರ್ಪಾಡೂ ಆಗಿತ್ತು, ಒಂದನ್ನು ಬಿಟ್ಟು. ಸುತ್ತೋಲೆ ಏಳು ಕ್ಲಬ್ಬುಗಳಿಗೆ, ಲೀಗಿಗೆ, ರೆಫ್ರಿಗೆ, ಟಿಕೆಟ್ಟು ಹರಿಯುವವನಿಗೆ ಹೋಗಿತ್ತು. ಖರ್ಜೂರ ಕ್ಲಬ್ಬಿನ ರಕ್ಷಣೆಯವರಿಗೆ ಯಾರೂ ಕೊಟ್ಟಿರಲಿಲ್ಲ. ಅಂಗಿ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಪ್ರತಿಯಲ್ಲಿ ಯಾರೋ ಬೂಟಿನ ಕೆಸರು ಒರೆಸಿ ಎಸೆದಿದ್ದರು. ಗೋಡೆಯ ಪ್ರಕಟಣೆಯನ್ನು ಅವರು ಟಿಕೆಟ್ಟು ಮಾರುವ ತಮಾಷೆ ಎಂದುಕೊಂಡಿದ್ದರು.

ಅವನು ಚೆಂಡು ಹಿಡಿದು ತನ್ನ ಗೋಲಿನತ್ತ ತಿರುಗಿ ಮೊದಲ ಸಲ ಹೊಡೆದಾಗ ಗೋಲು ಕಾಯುವ ಗೋಲಿ ಹಾರಿ, ಬೆರಳ ತುದಿಯಿಂದ ಅದನ್ನು ಕಂಬದ ಆಚೆಗೆ ತಳ್ಳಿದ. ಆ ವರ್ಷದ ಅತ್ಯುತ್ತಮ ತಡೆ ಎಂದು ಅದಕ್ಕೆ ಆಮೇಲೆ ಬಹುಮಾನ ಬಂತು.

"ತಲೆ ಕೆಟ್ಟಿದೆಯಾ ನಿಂಗೆ? ಬಿಸಿಲು ಹೊಡೀತಾ?" ಎಂದು ಗೋಲಿ ಅರಚಿದ.

"ಬಿಡೋ ಮಾರಾಯ, ಪರವಾನಗಿ ಇದೆ!"

"ಪರವಾನಗಿ ತೋರಿಸು!"

ಪರವಾನಗಿ ಚಡ್ಡಿಯ ಜೇಬಿನಲ್ಲಿರಲಿಲ್ಲ, ಚಡ್ಡಿಗೆ ಜೇಬೇ ಇರಲಿಲ್ಲ. ಎಂಬತ್ತನಾಲ್ಕನೇ ನಿಮಿಷದಲ್ಲಿ ಅವನ ತಂಡದ ಇಬ್ಬರು ರಕ್ಷಕರೇ ಅವನ ಕಾಲಿಗೆ ಅಡ್ಡಬಿದ್ದರು. ಹವಳದವರು ಅನ್ಯಾಯ ಎಂದು ಕೂಗಿದರು. ರೆಫ್ರಿ ಯಾರಿಗೆ ಫ್ರೀ ಕಿಕ್ ಕೊಡಬೇಕೆಂದು ತಿಳಿಯದೆ ಗಡಿಯಾರ ನೋಡಿದರು. ತಾಯಿಯ ಗಾಡಿ ಅವನ ಕಣ್ಣ ಮುಂದೆ ಬಂದು ನಿಂತಿತು. ಮೇ ಮೂವತ್ತೊಂದಕ್ಕೆ ಮೂರು ದಿನ, ಪಂದ್ಯ ಮುಗಿಯುವುದಕ್ಕೆ ಆರು ನಿಮಿಷ.

ರೆಫ್ರಿ ಕೂಡಿಸಿಕೊಟ್ಟ ಹೊತ್ತಿನಲ್ಲಿ, ತೊಂಬತ್ತೆರಡನೇ ನಿಮಿಷಕ್ಕೆ, ಚೆಂಡು ನಡುಗೆರೆಯ ಹತ್ತಿರ ಅವನ ಪಾದಕ್ಕೆ ಬಂತು. ಒಂಬತ್ತು ವರ್ಷದಿಂದ ಕರಾರುಗಳ ನಡುವೆ ಆಡಿದ ಆಟವೆಲ್ಲ ಮರೆತು, ಕೆಮ್ಮಣ್ಣಿನ ಮೈದಾನದಲ್ಲಿ ಆಡುತ್ತಿದ್ದ ಹಾಗೆ ಅವನು ಓಡಿದ. ತನ್ನ ತಂಡದ ಒಬ್ಬನನ್ನು ಎಡಕ್ಕೆ ತೋರಿಸಿ ಬಲಕ್ಕೆ ಜಾರಿದ, ಇನ್ನೊಬ್ಬನ ಕಾಲುಗಳ ನಡುವೆ ಚೆಂಡು ನುಸುಳಿಸಿದ, ಮೂರನೆಯವನು ತಾನಾಗಿಯೇ ಬಿದ್ದ. ಗೋಲಿ ಮುಂದೆ ನುಗ್ಗಿ ಬಂದ. ರಪಾದುರ ಚೆಂಡನ್ನು ಬೆರಳಿನಿಂದ ಎತ್ತಿದ ಹಾಗೆ ಅವನ ತಲೆಯ ಮೇಲಿಂದ ಎತ್ತಿಬಿಟ್ಟ. ಅದು ಅವಸರವಿಲ್ಲದೆ ಹೋಗಿ ಬಲೆಯ ಮೂಲೆಯಲ್ಲಿ ಕೂತಿತು.

ಹಳೆಯ ಕ್ಲಬ್ಬಿನ ಮುಂದೆ ಕುಣಿಯಬಾರದೆಂಬ ರಿವಾಜು ಇಲ್ಲಿಗೆ ಅನ್ವಯಿಸುವುದಿಲ್ಲವೆಂದು ಅವನಿಗೆ ತಟ್ಟನೆ ಹೊಳೆಯಿತು. ಗೋಲು ಬಿದ್ದದ್ದು ಹಳೆಯ ಕ್ಲಬ್ಬಿನ ಮೇಲಲ್ಲ. ವರ್ಷಗಳಿಂದ ಅದುಮಿಟ್ಟಿದ್ದ ಕುಣಿತವೆಲ್ಲ ಹೊರಬಿತ್ತು. ಮೂಲೆಯ ಬಾವುಟದ ಸುತ್ತ ಸೊಂಟ ತಿರುಗಿಸಿ ಕುಣಿದ, ಮೊಣಕಾಲಿನ ಮೇಲೆ ಜಾರಿದ, ಅಂಗಿಯ ಮೇಲಿನ ಖರ್ಜೂರ ಮರಕ್ಕೆ ಮುತ್ತಿಟ್ಟು ಅಂಗಿಯನ್ನೇ ಬಿಚ್ಚಿ ಬೀಸಿದ. ಅಂಗಿ ಬಿಚ್ಚಿದ್ದಕ್ಕೆ ರೆಫ್ರಿ ಹಳದಿ ಚೀಟಿ ತೋರಿಸಿದರು, ಏಕೆಂದರೆ ಅದೊಂದೇ ನಿಯಮಬಾಹಿರವಾಗಿತ್ತು. ಖರ್ಜೂರದ ಅಭಿಮಾನಿಗಳು ಎದ್ದು ನಿಂತು ಕಣ್ಣೊರೆಸಿಕೊಂಡರು. ತಮ್ಮ ತಂಡ ಒಂದು ಗೋಲಿನಿಂದ ಸೋತಿತ್ತು, ಆದರೆ ಅಷ್ಟು ಚೆಂದದ ಗೋಲನ್ನು ಆ ವರ್ಷ ತಮ್ಮವರು ಹಾಕಿರಲಿಲ್ಲ.

ಮರುದಿನ ಮೊಹರಿನ ಕಾಗದ ಹೋಯಿತು. ಪುರಸಭೆ ಅದನ್ನು ಸ್ವೀಕರಿಸಿ, ಸೂಪರ್‌ಮಾರ್ಕೆಟ್ಟಿನವರ ಅರ್ಜಿ ತಿರಸ್ಕರಿಸಿ, ಮೈದಾನಕ್ಕೆ ರಪಾದುರನ ಹೆಸರಿನ ಹಲಗೆ ಹಾಕಿಸಿತು. ದೊನಾ ಎರ್ನೆಸ್ತೀನ ಗಾಡಿಯನ್ನು ಹಲಗೆಯ ನೆರಳಿಗೆ ಸರಿಸಿಕೊಂಡಳು.

ಲೀಗಿನಲ್ಲಿ ಆ ಗೋಲು ಪೂರ್ವನಿದರ್ಶನವಾಯಿತು. ಹದಿನಾಲ್ಕನೇ ಷರತ್ತಿಗೆ ಸಿಕ್ಕಿ ಬೆಂಚಿನಲ್ಲಿದ್ದ ಉಳಿದ ಸ್ಟ್ರೈಕರುಗಳೂ ಅದೇ ನಮೂನೆಯಲ್ಲಿ ಅರ್ಜಿ ಹಾಕಿದರು. ಕಚೇರಿಯಲ್ಲಿ ಇದಕ್ಕಾಗಿಯೇ ಒಂದು ಕಿಟಕಿ ತೆರೆದು, ಮಂಗಳವಾರ ಮತ್ತು ಗುರುವಾರ ಅರ್ಜಿ ತೆಗೆದುಕೊಳ್ಳುತ್ತಾರೆ. ಗೋಲಿಗಳಿಗೆ ಸುತ್ತೋಲೆಯ ಪ್ರತಿಯನ್ನು ಸಹಿ ಪಡೆದೇ ಕೊಡಬೇಕೆಂದು ತಿದ್ದುಪಡಿಯೂ ಆಗಿದೆ.

ಜೂನ್‌ನಲ್ಲಿ ಬೂ ಖಲ್ಫಾನ್ ರಪಾದುರನ ಕರಾರನ್ನು ಮೂರು ವರ್ಷ ಮುಂದುವರಿಸಿದರು. ಹೊಸ ಕಾಗದದಲ್ಲಿ ಒಂದು ಸಾಲು ಹೆಚ್ಚಾಗಿತ್ತು: ಖರ್ಜೂರ ಕ್ಲಬ್ಬಿನ ವಿರುದ್ಧವೂ ಗೋಲು ಹಾಕತಕ್ಕದ್ದಲ್ಲ.

ಅವನು ಅದನ್ನು ಎರಡು ಸಲ ಓದಿದ.

"ಉಸ್ತಾದ್, ಇನ್ನು ಮೈದಾನದಲ್ಲಿ ಎರಡೂ ಕಡೆ ನಂಗೆ ಬಾಗಿಲು ಮುಚ್ಚಿದ ಹಂಗಾಯ್ತಲ್ಲ. ನಾನು ಏನು ಮಾಡ್ಬೇಕು?"

"ಮೈ ಬೆಚ್ಚಗೆ ಮಾಡ್ಕೊಳ್ಳಿ ಹಬೀಬಿ," ಎಂದರು ಮೊನ್ಸೆಫ್, ಪೆನ್ನಿನ ಮುಚ್ಚಳ ತೆಗೆದು ಕೊಡುತ್ತ. "ಈಗ ಎಂಟೂ ಕ್ಲಬ್ಬು ನಿಮಗೆ ಹೆದರುತ್ತೆ. ನಿಮ್ಮಂಥ ಆಟಗಾರ ಈ ಮುತ್ತಿನ ದಂಡೆಯಲ್ಲಿ ಇನ್ನೊಬ್ಬ ಇಲ್ಲ."

ಮಾತು ನಿಜವಾಗಿತ್ತು. ಅವನು ಸಹಿ ಹಾಕಿದ.