ಡಾಕ್ಟರು ಲಾರಿಯ ಕೆಳಗೆ, ನಾನು ಪುಸ್ತಕದ ಮುಂದೆ

ಎಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚುವುದೇನು ಮಹಾ ಕೆಲಸ ಎಂದು ಮೊದಲು ಹೇಳಿದವನು ನಾನೇ. ಇದನ್ನು ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಮರೆತಿಲ್ಲ.

ತೊಂಬತ್ತರ ದಶಕದ ಆರಂಭ. ನಾನು ನೈರೋಬಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟರು. ಪಕ್ಕದ ಮನೆಯ ಡಾಕ್ಟರ್ ಸದಾನಂದ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು. ಹಳ್ಳಿಯ ವೈದ್ಯಕೀಯ ಶಿಬಿರಗಳಿಗೆಂದು ಅವರು ಕೊಂಡಿದ್ದ ಹಳೆಯ ಲಾರಿಯ ಎಂಜಿನ್ನು ಮುಂದಿನಿಂದ ಎಣ್ಣೆ ಸೋರತೊಡಗಿತ್ತು. ಮುಚ್ಚಳ ತೆಗೆದು ಸೀಲು ಬದಲಿಸಬೇಕಿತ್ತು. ಬೀದಿಯ ತುದಿಯ ಮೆಕ್ಯಾನಿಕ್, ಇಲ್ಲಿನವರ ಮಾತಿನಲ್ಲಿ ಫುಂಡಿ, ತಾನೇ ಬರುತ್ತೇನೆಂದ. ನಕ್ಕು ಕಳಿಸಿದೆವು. ನಮ್ಮಿಬ್ಬರ ನಡುವೆ ಐದು ಡಿಗ್ರಿಗಳಿದ್ದವು. ಸ್ಪ್ಯಾನರ್ ಸೆಟ್ ಒಂದೇ!

ಶನಿವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕಾರ್ಯಾರಂಭ. ಗಮಕದಲ್ಲಿ ಒಬ್ಬರು ಪದ್ಯ ಓದಿ ಇನ್ನೊಬ್ಬರು ಅರ್ಥ ಹೇಳುತ್ತಾರಲ್ಲ, ಅದೇ ಕ್ರಮ. ಆದರೆ ರಿಪೇರಿ ಪುಸ್ತಕ ಓದುವವನೂ ನಾನೇ, ಅರ್ಥ ಹೇಳುವವನೂ ನಾನೇ. ಡಾಕ್ಟರು ಲಾರಿಯ ಕೆಳಗೆ ಅಂಗಾತ. ರೇಡಿಯೇಟರ್, ಫ್ಯಾನು, ಪುಲ್ಲಿ ಒಂದೊಂದಾಗಿ ಹೊರಬಂದವು. ಒಂದೊಂದಕ್ಕೂ ನನ್ನ ವ್ಯಾಖ್ಯಾನ. ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಪದ್ಮ, ಈ ಪುಸ್ತಕಕ್ಕೆ ಮಂಗಳ ಯಾವಾಗ ಎಂದು ವಿಚಾರಿಸಿದಳು.

ಪುಟದ ಕೊನೆಯ ಸಾಲು ಹೀಗಿತ್ತು: ಮುಚ್ಚಳದ ಎಲ್ಲ ಬೋಲ್ಟುಗಳನ್ನೂ ಬಿಚ್ಚಿ. ಪುಟ ತಿರುಗಿಸುವ ಬದಲು ನಾನು ಸನ್ನೆಕೋಲಿನ ತತ್ವ ವಿವರಿಸತೊಡಗಿದೆ.

"ಮೇಷ್ಟ್ರೇ, ಇಲ್ಲಿ ಎರಡು ಬೋಲ್ಟು ಬೇರೆಯವಕ್ಕಿಂತ ದಪ್ಪ ಇವೆ. ಇವೂನಾ?"

"ಎಲ್ಲ ಅಂದ್ರೆ ಎಲ್ಲ, ಡಾಕ್ಟ್ರೇ. ಬರೆದವರಿಗೆ ಗೊತ್ತಿರಲ್ವಾ?"

ವ್ಯಾಖ್ಯಾನ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ತೆವಳಿಕೊಂಡು ಹೊರಬಂದರು.

"ಕಾಫಿ ಕುಡಿದು ಬರ್ತೀನಿ. ಅಷ್ಟರಲ್ಲಿ ನಿಮ್ಮ ಫಿಸಿಕ್ಸ್ ಮುಗಿಸ್ಬಿಡಿ, ಪುಣ್ಯ ಬರುತ್ತೆ."

ಅವರು ಮೆಟ್ಟಿಲು ಹತ್ತಿದರು. ನಾನು ನೊಂದು ಪುಟ ತಿರುಗಿಸಿದೆ. ಅಲ್ಲಿ ದಪ್ಪ ಚೌಕಟ್ಟಿನೊಳಗೆ ಎಚ್ಚರಿಕೆ: ಬೋಲ್ಟು ಬಿಚ್ಚುವ ಮೊದಲು ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಡಿ, ಅದರ ಮುಂಭಾಗದ ಭಾರವೆಲ್ಲ ಈ ಮುಚ್ಚಳದ ಮೇಲಿದೆ.

ಬಾಯಿ ತೆರೆದೆ. ಜೀವನದಲ್ಲಿ ಮೊದಲ ಬಾರಿಗೆ ಮಾತು ಬರಲಿಲ್ಲ. ಡಾಕ್ಟರು ಅರ್ಧಕ್ಕೇ ಬಿಟ್ಟು ಎದ್ದಿದ್ದ, ಎರಡೇ ಸುತ್ತಿನ ಹಿಡಿತದಲ್ಲಿ ನಿಂತಿದ್ದ ಕೊನೆಯ ದಪ್ಪ ಬೋಲ್ಟು ಕೈಬಿಟ್ಟಿತು. ಎಂಜಿನ್ನಿನ ಮೂತಿ ನರಳುತ್ತ ಕುಸಿಯಿತು. ಡಾಕ್ಟರ ಎದೆ ಇದ್ದ ಜಾಗಕ್ಕೇ!

ಡಾಕ್ಟರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಸೋಮವಾರ ಆ ಕೈಗಳು ಯಾರದೋ ಹೊಟ್ಟೆ ತೆರೆಯಬೇಕಿತ್ತು.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಇನ್ನೊಂಚೂರು ಸ್ವಾರಸ್ಯವಾಗಿ ಪಾಠ ಹೇಳಿದ್ದರೆ ಅವರು ಅಲ್ಲೇ ಮಲಗಿ ಕೇಳುತ್ತಿದ್ದರಲ್ಲ! ಉಳಿದ ಕೆಲಸವನ್ನು ಫುಂಡಿಯೇ ಮುಗಿಸಿದ, ನನ್ನ ಪುಸ್ತಕವನ್ನು ಚಕ್ರಕ್ಕೆ ಅಡ್ಡ ಕೊಟ್ಟು.

ಏನೇ ಆಗಲಿ, ನನ್ನ ಪಾಠವೇ ಅವರ ಜೀವ ಉಳಿಸಿತು ಎಂದು ಸಂಜೆ ಪದ್ಮಳಿಗೆ ಹೇಳಿ ನೋಡಿದೆ.

"ಹೌದು ಕಣ್ರೀ," ಎಂದಳು. "ನಿಮ್ಮ ಪಾಠದಿಂದ ಎದ್ದು ಹೋದವರು ಮಾತ್ರ ಬದುಕ್ತಾರೆ."

ಸೋಮವಾರ ತರಗತಿಯ ಮಧ್ಯೆ ಇಬ್ಬರು ವಿದ್ಯಾರ್ಥಿಗಳು ಮೆಲ್ಲಗೆ ಎದ್ದು ಬಾಗಿಲ ಕಡೆ ನಡೆದರು. ನಾನು ತಡೆಯಲಿಲ್ಲ. ಹೋಗಲಿ, ಕ್ಷೇಮವಾಗಿರಲಿ.